ಗಸ್ ಫ್ರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೇಕಿಂಗ್ ಬ್ಯಾಡ್ ಎಂಬ ಅಮೆರಿಕದ ಟಿವಿ ಸರಣಿಯ ಬಗ್ಗೆ ಮಾತು ಶುರುವಾದರೆ ಕೊನೆಗೆ ಗಸ್ ಫ್ರಿಂಗ್ ಹತ್ತಿರ ಬಂದು ನಿಲ್ಲುತ್ತದೆ. ಹೊಸದಾಗಿ ನೋಡುವವರು ಒಂದು ಥರದ ಪ್ರಶ್ನೆ ಕೇಳುತ್ತಾರೆ, ಎರಡು ಮೂರು ಸಲ ನೋಡಿದವರು ಇನ್ನೊಂದು ಥರದ್ದು. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಭಾಗ ಎಲ್ಲರಿಗೂ. ಅದರ ನಂತರ ಕಥೆ ಬಯಲಾಗುತ್ತದೆ. ಇನ್ನೂ ನೋಡದವರು ದಯವಿಟ್ಟು ಅಲ್ಲಿಗೇ ನಿಲ್ಲಿಸಿ.

## ಈಗಷ್ಟೇ ಶುರು ಮಾಡಿದವರಿಗೆ

ಯಾರು ಈ ಗಸ್ ಫ್ರಿಂಗ್? ಎಲ್ಲರೂ ಅವನ ಹೆಸರು ಹೇಳ್ತಾರಲ್ಲ?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಊರಲ್ಲಿ ಫ್ರೈಡ್ ಚಿಕನ್ ಹೋಟೆಲ್‌ಗಳ ಸರಪಳಿ ನಡೆಸುವ ವ್ಯಾಪಾರಿ. ಪೂರ್ತಿ ಹೆಸರು ಗುಸ್ತಾವೋ ಫ್ರಿಂಗ್. ಹೋಟೆಲ್ ಹೆಸರು ಲೋಸ್ ಪೊಯೋಸ್ ಎರ್ಮಾನೋಸ್, ಅಂದರೆ ಕೋಳಿ ಅಣ್ಣತಮ್ಮಂದಿರು. ಇಸ್ತ್ರಿ ಮಾಡಿದ ಅಂಗಿ, ಟೈ, ಕನ್ನಡಕ, ಮೆತ್ತಗಿನ ಮಾತು. ಗಿರಾಕಿ ಬಂದರೆ ತಾನೇ ಟೇಬಲ್ ಒರೆಸುತ್ತಾನೆ. ಇದೇ ಮನುಷ್ಯ ಮೆತ್ ಎಂಬ ಮಾದಕ ವಸ್ತುವಿನ, ಆ ಭಾಗದ ಅತಿ ದೊಡ್ಡ ದಂಧೆಯ ಯಜಮಾನ.

ಕಿರುಚುವ, ಟೇಬಲ್ ಗುದ್ದುವ ವಿಲನ್‌ಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಇವನು ದನಿ ಏರಿಸುವುದೇ ಅಪರೂಪ. ಕೋಪ ಬಂದಾಗ ಇನ್ನೂ ಮೆತ್ತಗಾಗುತ್ತಾನೆ. ಅದಕ್ಕೇ ಅವನ ಹೆಸರು ಜನರ ಬಾಯಲ್ಲಿ ಉಳಿದಿದೆ.

ಎರಡನೇ ಸೀಸನ್ ಮುಗೀತಾ ಬಂತು, ಇವನು ಇನ್ನೂ ಬಂದೇ ಇಲ್ಲ. ಯಾವಾಗ ಬರ್ತಾನೆ?

ಎರಡನೇ ಸೀಸನ್ನಿನ 11ನೇ ಎಪಿಸೋಡ್‌ನಲ್ಲಿ. ಅದು ಪ್ರಸಾರವಾಗಿದ್ದು 2009ರ ಮೇ 17ರಂದು. ಬಂದದ್ದೂ ಗೊತ್ತಾಗದ ಹಾಗೆ ಬರುತ್ತಾನೆ. ಕಥಾನಾಯಕ, ಮೆತ್ ತಯಾರಿಸುವ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್ ದೊಡ್ಡ ವ್ಯಾಪಾರಿಯನ್ನು ಭೇಟಿಯಾಗಬೇಕು ಅಂತ ಚಿಕನ್ ಅಂಗಡಿಯಲ್ಲಿ ಗಂಟೆಗಟ್ಟಲೆ ಕಾಯುತ್ತಾನೆ. ಆ ವ್ಯಾಪಾರಿ ಅಷ್ಟು ಹೊತ್ತೂ ಅಲ್ಲೇ ಓಡಾಡುತ್ತಾ ಎಲ್ಲ ಸರಿಯಿದೆಯಾ ಅಂತ ಗಿರಾಕಿಗಳನ್ನು ವಿಚಾರಿಸುತ್ತಿರುತ್ತಾನೆ. ವಾಲ್ಟರ್ ಹಾಗೆ ನೋಡುವವರೂ ಅವನನ್ನು ಮ್ಯಾನೇಜರ್ ಅಂದುಕೊಂಡು ಕಣ್ಣು ಬೇರೆ ಕಡೆ ಹಾಯಿಸಿರುತ್ತಾರೆ.

ಬೆಟರ್ ಕಾಲ್ ಸಾಲ್‌ನಲ್ಲೂ ಇದಾನಂತೆ. ಅದು ಹಿಂದಿನ ಕಥೆ ಅಲ್ವಾ, ಅದನ್ನೇ ಮೊದಲು ನೋಡ್ಲಾ?

ಬೇಡ. ಮೊದಲು ಬ್ರೇಕಿಂಗ್ ಬ್ಯಾಡ್ ನೋಡಿ. ಅದು 2008ರಿಂದ 2013ರವರೆಗೆ ಎಎಂಸಿ ಚಾನೆಲ್‌ನಲ್ಲಿ ಬಂತು, ಐದು ಸೀಸನ್, 62 ಎಪಿಸೋಡ್. ಬೆಟರ್ ಕಾಲ್ ಸಾಲ್ ಬಂದಿದ್ದು 2015ರಿಂದ 2022ರವರೆಗೆ, ಆರು ಸೀಸನ್, 63 ಎಪಿಸೋಡ್. ಕಥೆಯ ಕಾಲ ಹಿಂದಿನದಾದರೂ, ಗಸ್ ಮುಂದೆ ಏನಾಗುತ್ತಾನೆ ಅಂತ ಗೊತ್ತಿದ್ದವರಿಗೇ ಅದರ ರುಚಿ.

ಒಂದು ಸ್ವಾರಸ್ಯ ಹೇಳಲೇಬೇಕು. ಬೆಟರ್ ಕಾಲ್ ಸಾಲ್‌ನ ಎರಡನೇ ಸೀಸನ್ನಿನ ಹತ್ತು ಎಪಿಸೋಡ್‌ಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರ ತೆಗೆದು ಹೊಂದಿಸಿದರೆ ‘ಫ್ರಿಂಗ್ ಮತ್ತೆ ಬಂದಿದ್ದಾನೆ’ ಅನ್ನುವ ಅರ್ಥದ ಇಂಗ್ಲಿಷ್ ಮಾತು ಸಿಗುತ್ತದೆ. ಬರೆದವರು ಬೇಕಂತಲೇ ಅಡಗಿಸಿಟ್ಟಿದ್ದರು, ನೋಡುಗರು ಕಂಡುಹಿಡಿದೇಬಿಟ್ಟರು! 2017ರ ಮೂರನೇ ಸೀಸನ್ನಿನಲ್ಲಿ ಅವನು ನಿಜವಾಗಿಯೂ ಬಂದ. ಕಸಬರಿಕೆ ಹಿಡಿದು ತನ್ನ ಅಂಗಡಿ ಗುಡಿಸುತ್ತಾ.

ಆ ಪಾತ್ರ ಮಾಡಿದವರು ಯಾರು?

ಜಿಯಾನ್‌ಕಾರ್ಲೋ ಎಸ್ಪೊಸಿಟೊ. 1958ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹುಟ್ಟಿದವರು. ಅಪ್ಪ ಇಟಲಿಯವರು, ಅಮ್ಮ ಆಫ್ರಿಕನ್ ಅಮೆರಿಕನ್ ಒಪೆರಾ ಗಾಯಕಿ. ಗಸ್ ಪಾತ್ರ ಮೊದಲಿಗೆ ಕೆಲವೇ ಎಪಿಸೋಡ್‌ಗಳ ಅತಿಥಿ ಪಾತ್ರವಾಗಿತ್ತು, ಬರಬರುತ್ತಾ ಕಥೆಯ ಬೆನ್ನೆಲುಬಾಯಿತು. ಗಸ್‌ನ ಆ ನಿಶ್ಚಲತೆಗೆ ಯೋಗದ ಉಸಿರಾಟ ನೆರವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಗಮನವಿಟ್ಟು ನೋಡಿ, ಮಾತಿಗೆ ಮೊದಲು ಅವನು ಒಂದು ಕ್ಷಣ ತಡೆಯುತ್ತಾನೆ. ಎದುರಿಗಿದ್ದವರು ಆ ಒಂದು ಕ್ಷಣದಲ್ಲೇ ಬೆವರುತ್ತಾರೆ.

ಈ ಪಾತ್ರಕ್ಕೆ 2012, 2019 ಮತ್ತು 2020ರಲ್ಲಿ ಎಮ್ಮಿ ನಾಮನಿರ್ದೇಶನ ಬಂತು. ಒಂದು ಸಲವೂ ಗೆಲ್ಲಲಿಲ್ಲ. 2012ರಲ್ಲಿ ಗೆದ್ದವರು ಇದೇ ಸರಣಿಯಲ್ಲಿ ಜೆಸ್ಸಿಯಾಗಿದ್ದ ಆರನ್ ಪಾಲ್. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಆ ವರ್ಷದ ಪ್ರಶಸ್ತಿ ಎಸ್ಪೊಸಿಟೊ ಅವರಿಗೆ ಬರಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆ ಚಿಕನ್ ಅಂಗಡಿ ನಿಜವಾಗ್ಲೂ ಇದೆಯಾ?

ಆ ಹೆಸರಿನ ಸರಪಳಿ ಇಲ್ಲ. ಚಿತ್ರೀಕರಣ ನಡೆದಿದ್ದು ಆಲ್ಬುಕರ್ಕಿಯ ಟ್ವಿಸ್ಟರ್ಸ್ ಎಂಬ ನಿಜವಾದ ಹೋಟೆಲ್‌ನಲ್ಲಿ. 2017ರಲ್ಲಿ ಪ್ರಚಾರಕ್ಕಾಗಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕೆಲವು ದಿನ ಪೊಯೋಸ್ ಎರ್ಮಾನೋಸ್ ಹೆಸರಿನಲ್ಲೇ ಅಂಗಡಿ ತೆರೆದಿದ್ದರು. ಗಸ್ ತನ್ನ ನೌಕರರಿಗೆ ಕೆಲಸ ಹೇಳಿಕೊಡುವ ಕಿರು ವಿಡಿಯೋ ಸರಣಿಯೊಂದು ಅದೇ ವರ್ಷ ಬಂದು, ಕಿರು ಸರಣಿಗಳ ವಿಭಾಗದಲ್ಲಿ ಎಮ್ಮಿ ಗೆದ್ದಿತು.

## ದಂಧೆಯ ಬಗ್ಗೆ (ಇಲ್ಲಿಂದ ಮುಂದೆ ಕಥೆ ಬಯಲಾಗುತ್ತದೆ)

ಚಿಕನ್ ಅಂಗಡಿ ಇಟ್ಕೊಂಡು ಇಷ್ಟು ದೊಡ್ಡ ಡ್ರಗ್ಸ್ ದಂಧೆ ಹೇಗೆ ನಡೆಸ್ತಾನೆ? ಸರಿಯಾಗಿ ಅರ್ಥ ಆಗ್ಲಿಲ್ಲ.

ಒಂದು ವ್ಯಾಪಾರದ ಹೊಟ್ಟೆಯೊಳಗೆ ಇನ್ನೊಂದು ವ್ಯಾಪಾರ. ಹೋಟೆಲ್‌ಗಳಿಗೆ ಕೋಳಿ ಬರಬೇಕು, ಅದಕ್ಕೆ ಕೋಳಿ ಫಾರ್ಮ್ ಇದೆ. ಫಾರ್ಮ್‌ನಿಂದ ಸಾಮಾನು ಸಾಗಿಸಲು ಶೀತಲ ಲಾರಿಗಳಿವೆ. ಲಾರಿಯಲ್ಲಿ ಚಿಕನ್‌ಗೆ ಹಚ್ಚುವ ಹಿಟ್ಟಿನ ಡಬ್ಬಗಳಿವೆ. ಕೆಲವು ಡಬ್ಬಗಳ ಹಿಟ್ಟಿನೊಳಗೆ ಮೆತ್ ಪೊಟ್ಟಣ ಹುದುಗಿರುತ್ತದೆ. ಅವುಗಳ ಮೇಲಿನ ಗುರುತು ವಿಶೇಷ ಬೆಳಕು ಹಾಯಿಸಿದರೆ ಮಾತ್ರ ಕಾಣುತ್ತದೆ. ಲಾರಿ ತಡೆದವರಿಗೆ ಸಿಗುವುದು ಬರೀ ಹಿಟ್ಟಿನ ಡಬ್ಬಗಳ ಸಾಲು.

ತಯಾರಿಕೆ ನಡೆಯುವುದು ದೊಡ್ಡ ಲಾಂಡ್ರಿಯೊಂದರ ಕೆಳಗೆ, ನೆಲಮಾಳಿಗೆಯಲ್ಲಿ. ಈ ಜಾಗದ ಆಯ್ಕೆಯಲ್ಲೇ ಅವನ ತಲೆ ಎಂಥದ್ದು ಅಂತ ಗೊತ್ತಾಗುತ್ತದೆ. ಲಾಂಡ್ರಿಗೆ ರಾಸಾಯನಿಕದ ಡ್ರಮ್‌ಗಳು ಬಂದರೆ ಯಾರೂ ಕೇಳುವುದಿಲ್ಲ. ಹಬೆ, ವಾಸನೆ ಹೊರಗೆ ಹೋದರೆ ಯಾರಿಗೂ ಅನುಮಾನ ಬರುವುದಿಲ್ಲ. ಅಲ್ಲಿ ವಾರಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ ಮಾಲು ತಯಾರಾಗಬೇಕು. ಇದೆಲ್ಲದರ ಹಿಂದೆ ಮಾಡ್ರಿಗಲ್ ಎಂಬ, ಕಥೆಗಾಗಿ ಕಟ್ಟಿದ ಜರ್ಮನ್ ಕಂಪನಿಯಿದೆ. ಹಣವೂ ಅಲ್ಲಿಂದ, ಕಚ್ಚಾ ಸಾಮಗ್ರಿಯೂ ಅಲ್ಲಿಂದ.

ನಿಜವಾಗ್ಲೂ ಶುದ್ಧ ಮೆತ್ ನೀಲಿ ಬಣ್ಣ ಇರತ್ತಾ?

ಇಲ್ಲ. ಶುದ್ಧವಾಗಿದ್ದಷ್ಟೂ ಅದು ಬಣ್ಣವಿಲ್ಲದೆ, ಗಾಜಿನ ಚೂರಿನ ಹಾಗೆ ಇರುತ್ತದೆ. ವಾಲ್ಟರ್‌ನ ಮಾಲನ್ನು ನಾವು ಥಟ್ಟನೆ ಗುರುತಿಸಲಿ ಅಂತ ಮಾಡಿದ ಉಪಾಯ ಈ ನೀಲಿ. ಮೊದಲ ಸೀಸನ್‌ಗಳಲ್ಲಿ ತೆರೆಯ ಮೇಲೆ ಕಂಡಿದ್ದು ಆಲ್ಬುಕರ್ಕಿಯ ಮಿಠಾಯಿ ಅಂಗಡಿಯೊಂದು ಮಾಡಿಕೊಟ್ಟ ನೀಲಿ ಕಲ್ಲುಸಕ್ಕರೆ.

ಅಷ್ಟು ಹುಷಾರಾಗಿರೋನು ವಾಲ್ಟರ್‌ನಂಥವನನ್ನ ಯಾಕೆ ಕೆಲಸಕ್ಕೆ ಇಟ್ಕೊಂಡ?

ಅವನಿಗೆ ಮನಸ್ಸಿರಲಿಲ್ಲ. ಮೊದಲ ಭೇಟಿಯಲ್ಲೇ ಬೇಡ ಅಂದಿದ್ದ. ವಾಲ್ಟರ್‌ನ ಜೊತೆಗಾರ ಜೆಸ್ಸಿ ತಡವಾಗಿ, ಅದೂ ನಶೆಯಲ್ಲಿ ಬಂದಿದ್ದನ್ನು ಕಂಡು, ಚಟಕ್ಕೆ ಬಿದ್ದವನನ್ನು ಜೊತೆಗಿಟ್ಟುಕೊಂಡವನ ಮೇಲೆ ನಂಬಿಕೆ ಇಡುವುದು ಹೇಗೆ ಅಂತ ಹಿಂದೆ ಸರಿದಿದ್ದ. ಆಮೇಲೆ 38 ಪೌಂಡ್ ಮಾಲಿಗೆ 12 ಲಕ್ಷ ಡಾಲರ್ ಕೊಟ್ಟ, ಒಂದು ಗಂಟೆಯಲ್ಲಿ ತಲುಪಿಸಬೇಕು ಅನ್ನುವ ಷರತ್ತಿನ ಮೇಲೆ. ಮಗಳು ಹುಟ್ಟುವ ಹೊತ್ತಿಗೆ ವಾಲ್ಟರ್ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟು ಮಾಲಿನ ಹಿಂದೆ ಓಡಿದ. ಈ ಮನುಷ್ಯ ದುಡ್ಡಿಗಾಗಿ ಏನನ್ನು ಬಿಡಬಲ್ಲ ಅನ್ನುವುದಕ್ಕೆ ಗಸ್‌ಗೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ.

ಅವನ ಮನಸ್ಸು ತಿರುಗಿಸಿದ್ದು ಗೇಲ್ ಎಂಬ ಪ್ರಾಮಾಣಿಕ ರಸಾಯನಶಾಸ್ತ್ರಜ್ಞ. ನಾನು 96 ಶೇಕಡಾ ಶುದ್ಧತೆ ಕೊಡಬಲ್ಲೆ, ಈ ನೀಲಿ ಮಾಲು 99, ಈ ಮೂರರ ಅಂತರ ಸಣ್ಣದಲ್ಲ ಅಂತ ಗೇಲ್ ತಾನಾಗಿ ಹೇಳಿದ. ಸುಮ್ನೆ ಇದ್ದಿದ್ದರೆ ಲ್ಯಾಬ್ ಅವನದ್ದೇ ಆಗುತ್ತಿತ್ತು, ಜೀವವೂ ಉಳಿಯುತ್ತಿತ್ತು. ಆ ದೃಶ್ಯದಲ್ಲಿ ಗೇಲ್ ಹೊಸ ಯಂತ್ರಗಳ ಪೆಟ್ಟಿಗೆ ಬಿಚ್ಚುತ್ತಾ ಮಗುವಿನ ಹಾಗೆ ಖುಷಿಪಡುತ್ತಿರುತ್ತಾನೆ. ನೋಡುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗಸ್ ಕೊಟ್ಟ ಆಹ್ವಾನವೂ ಗಮನಿಸಬೇಕಾದ್ದು. ಮೂರು ತಿಂಗಳಿಗೆ 30 ಲಕ್ಷ ಡಾಲರ್. ವಾಲ್ಟರ್ ದುಡ್ಡಿಗೆ ಅಲ್ಲಾಡಲಿಲ್ಲ. ಹೆಂಡತಿ ಮಕ್ಕಳು ಮೆಚ್ಚದಿದ್ದರೂ ಗಂಡಸು ಮನೆಗೆ ದುಡಿದು ಹಾಕುತ್ತಾನೆ ಅನ್ನುವ ಅರ್ಥದ ಮಾತು ಗಸ್ ಬಾಯಿಂದ ಬಂತು ನೋಡಿ, ಅಲ್ಲಿಗೆ ವಾಲ್ಟರ್ ಬಿದ್ದ. ಯಾರಿಗೆ ಎಲ್ಲಿ ತುರಿಕೆ ಇದೆ ಅಂತ ಗಸ್‌ಗೆ ಚೆನ್ನಾಗಿ ಗೊತ್ತು.

ಪೊಲೀಸರ ಜೊತೆ ಅಷ್ಟೊಂದು ಸಲುಗೆ ಯಾಕೆ? ಭಯ ಆಗಲ್ವಾ?

ಅಮೆರಿಕದ ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎ ನಡೆಸುವ ಓಟದ ಕಾರ್ಯಕ್ರಮಕ್ಕೆ ಅವನೇ ಪ್ರಾಯೋಜಕ. ಅಧಿಕಾರಿ ಹ್ಯಾಂಕ್‌ಗೆ ಗುಂಡೇಟು ಬಿದ್ದಾಗ ಆಸ್ಪತ್ರೆಯಲ್ಲಿದ್ದ ಪೊಲೀಸರಿಗೆಲ್ಲ ತಾನೇ ಊಟ ತಂದುಕೊಡುತ್ತಾನೆ. ಕತ್ತಲಲ್ಲಿ ಅಡಗಿದವನನ್ನು ಹುಡುಕಿಕೊಂಡು ಹೋಗುತ್ತಾರೆ, ದೀಪದ ಕೆಳಗೆ ನಿಂತವನನ್ನು ಯಾರು ಹುಡುಕುತ್ತಾರೆ? ಅವನ ಕಾರೂ ಅಷ್ಟೇ, ಒಂದು ಹಳೇ ವೋಲ್ವೋ. ಕೊನೆಗೆ ಹ್ಯಾಂಕ್‌ಗೆ ಅನುಮಾನ ಹುಟ್ಟಿಸಿದ್ದು ಗೇಲ್ ಮನೆಯಲ್ಲಿ ಸಿಕ್ಕ ಪೊಯೋಸ್ ಎರ್ಮಾನೋಸ್‌ನ ಒಂದು ಪೇಪರ್ ನ್ಯಾಪ್ಕಿನ್.

## ಕ್ರೌರ್ಯದ ಬಗ್ಗೆ

ವಿಕ್ಟರ್ ಅವನ ನಂಬಿಕಸ್ತ ಬಂಟ ತಾನೆ? ಅವನನ್ನೇ ಯಾಕೆ ಕೊಂದ?

ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ನಾಲ್ಕನೇ ಸೀಸನ್ನಿನ ಮೊದಲ ಎಪಿಸೋಡ್. ಹಿಂದಿನ ರಾತ್ರಿ ಜೆಸ್ಸಿ ಗೇಲ್‌ನನ್ನು ಕೊಂದಿದ್ದಾನೆ. ವಾಲ್ಟರ್, ಜೆಸ್ಸಿ ಇಬ್ಬರನ್ನೂ ಲ್ಯಾಬ್‌ನಲ್ಲಿ ಕೂರಿಸಿದ್ದಾರೆ. ಗಸ್ ಕಬ್ಬಿಣದ ಮೆಟ್ಟಿಲು ಇಳಿದು ಬರುತ್ತಾನೆ. ಮಾತಿಲ್ಲ. ಕೋಟು ತೆಗೆಯುತ್ತಾನೆ. ರಕ್ಷಣಾ ಉಡುಪು, ಬೂಟು ಹಾಕಿಕೊಳ್ಳುತ್ತಾನೆ, ಕೆಲಸಕ್ಕೆ ಇಳಿಯುವ ಕೂಲಿಯ ಹಾಗೆ. ವಾಲ್ಟರ್ ಮಾತಾಡುತ್ತಲೇ ಇದ್ದಾನೆ. ನಾವಿಲ್ಲದೆ ನಿನ್ನ ಲ್ಯಾಬ್ ನಡೆಯಲ್ಲ, ತಪ್ಪು ನಿನ್ನದೇ, ಹೀಗೆ. ಗಸ್ ಕಟರ್ ಕೈಗೆತ್ತಿಕೊಳ್ಳುತ್ತಾನೆ. ರಟ್ಟಿನ ಪೆಟ್ಟಿಗೆ ಸೀಳುವ ಮಾಮೂಲಿ ಕಟರ್, ಗೇಲ್ ಪೆಟ್ಟಿಗೆ ಬಿಚ್ಚಿದ್ದು ಅದೇ ಥರದ್ದರಿಂದ. ಅವರಿಬ್ಬರ ಕಡೆ ನಡೆದು ಬಂದವನು ವಿಕ್ಟರ್‌ನ ಹಿಂದೆ ಹೋಗಿ ಕತ್ತು ಸೀಳುತ್ತಾನೆ. ನಂತರ ಕೈ ತೊಳೆದು, ಬಟ್ಟೆ ಬದಲಿಸಿ, ಮೆಟ್ಟಿಲು ಹತ್ತುವ ಮುಂಚೆ ಒಂದೇ ಮಾತು: ಕೆಲಸ ಶುರು ಮಾಡಿ ಅಂತ.

ಕಾರಣ ಒಂದಲ್ಲ. ವಿಕ್ಟರ್‌ನನ್ನು ಗೇಲ್ ಮನೆ ಹತ್ತಿರ ಜನ ನೋಡಿದ್ದರು. ಆ ಎಳೆ ಹಿಡಿದರೆ ಪೊಲೀಸರು ಗಸ್‌ವರೆಗೆ ಬರಬಹುದು. ತನಗೂ ಮಾಲು ತಯಾರಿಸಲು ಬರುತ್ತದೆ ಅಂತ ವಿಕ್ಟರ್ ಆ ಬೆಳಿಗ್ಗೆ ತಾನೇ ಅಡುಗೆಗೆ ಇಳಿದಿದ್ದ, ಯಾರೂ ಹೇಳದೆ. ಇವೆರಡೂ ನಿಜ. ಆದರೆ ಅವನನ್ನು ಹೊರಗೆಲ್ಲೋ ಸದ್ದಿಲ್ಲದೆ ಮುಗಿಸಬಹುದಿತ್ತು. ವಾಲ್ಟರ್, ಜೆಸ್ಸಿಯ ಕಣ್ಣೆದುರು ಕೊಂದದ್ದು ಅವರಿಗಾಗಿ. ನಿಮ್ಮನ್ನು ಕೊಲ್ಲಲಾಗದ ಸ್ಥಿತಿಯಲ್ಲಿದ್ದೇನೆ, ಅದು ನಿಮಗೂ ಗೊತ್ತು, ಆದರೂ ನನಗೆ ಹೆದರಿ ಅಂತ ಅವನು ಹೇಳಬೇಕಿತ್ತು. ಆ ಮಾತನ್ನು ಬಾಯಲ್ಲಿ ಹೇಳಿದರೆ ಸೋತ ಹಾಗೆ.

ಅಲ್ಲೇ ನಿಂತಿದ್ದ ಗಸ್‌ನ ಇನ್ನೊಬ್ಬ ಬಂಟ ಮೈಕ್‌ನ ಕೈ ನೋಡಿ. ಹಳೇ ಪೊಲೀಸ್, ಎಂಥೆಂಥದ್ದನ್ನೋ ಕಂಡವನು. ಅವನೂ ಬೆಚ್ಚಿ ಪಿಸ್ತೂಲು ಹೊರಗೆ ತೆಗೆದುಬಿಡುತ್ತಾನೆ. ಏನಾಗಲಿದೆ ಅಂತ ಅವನಿಗೂ ಗೊತ್ತಿರಲಿಲ್ಲ.

ಆ ಪುಟ್ಟ ಹುಡುಗನನ್ನ ಕೊಲ್ಲಿಸಿದ್ದು ಗಸ್ಸೇನಾ?

ಗಸ್‌ನ ಆಳುಗಳು ದಂಧೆಗೆ ಬಳಸಿಕೊಳ್ಳುತ್ತಿದ್ದ ಹುಡುಗ ತೊಮಾಸ್ ಬಗ್ಗೆ ಕೇಳುತ್ತಿದ್ದೀರಿ. ಗಸ್ ತನ್ನ ಇಬ್ಬರು ಆಳುಗಳಿಗೆ ಎಲ್ಲರೆದುರು ಹೇಳಿದ್ದು ಒಂದೇ, ಇನ್ನು ಮುಂದೆ ಮಕ್ಕಳನ್ನು ಬಳಸಬೇಡಿ ಅಂತ. ಅದೇ ರಾತ್ರಿ ಹುಡುಗ ಸತ್ತ. ಕೊಲ್ಲು ಅಂತ ಅವನು ಹೇಳಿದ್ದನ್ನು ಸರಣಿ ಎಲ್ಲೂ ತೋರಿಸುವುದಿಲ್ಲ. ಆಳುಗಳೇ ಅವನ ಮಾತನ್ನು ಹಾಗೆ ಅರ್ಥ ಮಾಡಿಕೊಂಡರು ಅನ್ನುವುದು ನನ್ನ ಓದು. ಅದರಿಂದ ಅವನ ಪಾಪ ಕಡಿಮೆಯೇನೂ ಆಗುವುದಿಲ್ಲ. ಸನ್ನೆಯನ್ನೇ ಆಜ್ಞೆ ಅಂದುಕೊಳ್ಳುವ ಜನರನ್ನು ಬೆಳೆಸಿದ್ದು ಅವನೇ. ಮುಂದೆ ಮರುಭೂಮಿಯಲ್ಲಿ ವಾಲ್ಟರ್‌ನನ್ನು ಮೊಣಕಾಲ ಮೇಲೆ ಕೂರಿಸಿ, ನಿನ್ನ ಹಸುಗೂಸನ್ನೂ ಬಿಡಲ್ಲ ಅನ್ನುತ್ತಾನಲ್ಲ. ಮಕ್ಕಳ ಮೇಲೆ ಕನಿಕರ ಇರುವವನ ಮಾತಲ್ಲ ಅದು.

ಇನ್ನು ಜೆಸ್ಸಿಯ ಗೆಳತಿಯ ಮಗ ಬ್ರಾಕ್‌ಗೆ ವಿಷ ಬಿದ್ದದ್ದಕ್ಕೂ ಗಸ್‌ಗೂ ಸಂಬಂಧವಿಲ್ಲ. ಅದು ವಾಲ್ಟರ್ ಮಾಡಿದ ಕೆಲಸ.

ಗುಂಡು ಹಾರ್ತಿರುವಾಗ ಎದುರಿಗೇ ನಡ್ಕೊಂಡು ಹೋಗ್ತಾನಲ್ಲ, ಹುಚ್ಚಾ?

ಹುಚ್ಚಲ್ಲ, ಲೆಕ್ಕ. ಕೋಳಿ ಫಾರ್ಮ್ ಮೇಲೆ ಕಾರ್ಟೆಲ್‌ನ, ಅಂದರೆ ಮೆಕ್ಸಿಕೋದ ಡ್ರಗ್ಸ್ ಕೂಟದ, ಬಂದೂಕುಧಾರಿ ದೂರದಿಂದ ಗುಂಡು ಹಾರಿಸುತ್ತಾನೆ. ಎಲ್ಲರೂ ನೆಲಕ್ಕೆ ಬೀಳುತ್ತಾರೆ. ಗಸ್ ಎರಡೂ ಕೈ ಚಾಚಿ ಬಯಲಿಗೆ ನಡೆಯುತ್ತಾನೆ. ಕಾರ್ಟೆಲ್‌ಗೆ ಅವನು ಜೀವಂತ ಬೇಕು, ಅವನ ದಂಧೆ ಬೇಕು, ಅದು ಅವನಿಗೆ ಗೊತ್ತು. ಗುಂಡು ನಿಲ್ಲುತ್ತದೆ. ಹಾಗಂತ ಅವನಿಗೆ ಹೆದರಿಕೆಯೇ ಇಲ್ಲ ಅಂತಲ್ಲ. ಬೆಟರ್ ಕಾಲ್ ಸಾಲ್‌ನಲ್ಲಿ ಒಂದು ರಾತ್ರಿ ಅವನ ಹಣ ಡಿಇಎ ಕೈಗೆ ಹೋಗುತ್ತಿರುತ್ತದೆ. ಅವನು ಅಂಗಡಿಯಲ್ಲಿ ನಿಂತು ನೌಕರ ಲೈಲ್‌ನಿಂದ ಎಣ್ಣೆ ಬಾಣಲೆ ತಿಕ್ಕಿಸುತ್ತಾನೆ. ಮತ್ತೆ ತಿಕ್ಕಿಸುತ್ತಾನೆ. ಅದು ಥಳಥಳ ಹೊಳೆಯುತ್ತಿದ್ದರೂ ಮತ್ತೆ. ಅವನ ಒಳಗಿನ ತಳಮಳ ಹೊರಬರುವುದು ಹೀಗೆ. ಪಾಪ, ಆ ಹುಡುಗನಿಗೆ ತಾನೇನು ತಪ್ಪು ಮಾಡಿದೆ ಅಂತಲೇ ತಿಳಿಯುವುದಿಲ್ಲ.

## ಹಗೆಯ ಬಗ್ಗೆ

ಮ್ಯಾಕ್ಸ್ ಯಾರು? ಈಜುಕೊಳದ ಹತ್ತಿರ ಏನಾಯ್ತು?

ಹೋಟೆಲ್ ಹೆಸರಿನ ಇಬ್ಬರು ಅಣ್ಣತಮ್ಮಂದಿರಲ್ಲಿ ಎರಡನೆಯವನು ಮ್ಯಾಕ್ಸ್. ಬಡತನದಲ್ಲಿದ್ದ ಮ್ಯಾಕ್ಸ್‌ನನ್ನು ಓದಿಸಿ ರಸಾಯನಶಾಸ್ತ್ರಜ್ಞನನ್ನಾಗಿ ಮಾಡಿದ್ದೇ ಗಸ್. ಇಬ್ಬರೂ ಸೇರಿ ಮೆಕ್ಸಿಕೋದಲ್ಲಿ ಕಾರ್ಟೆಲ್ ಮುಖ್ಯಸ್ಥ ಡಾನ್ ಎಲಾಡಿಯೋ ಮನೆಗೆ ವ್ಯವಹಾರ ಮಾತಾಡಲು ಹೋಗುತ್ತಾರೆ. ಅವನ ಗಮನ ಸೆಳೆಯಲು ಅವನ ಆಳುಗಳ ಕೈಗೆ ಮುಂಚೆಯೇ ಮೆತ್ ಮಾದರಿ ದಾಟಿಸಿರುತ್ತಾರೆ. ಅದನ್ನು ಎಲಾಡಿಯೋ ಅವಮಾನ ಅಂದುಕೊಳ್ಳುತ್ತಾನೆ. ಮ್ಯಾಕ್ಸ್ ಬಡಬಡಿಸಿ ಬೇಡಿಕೊಳ್ಳುತ್ತಿರುವಾಗಲೇ ಕಾರ್ಟೆಲ್‌ನ ಹೆಕ್ಟರ್ ಸಲಮಾಂಕಾ ಅವನ ತಲೆಗೆ ಗುಂಡು ಹೊಡೆಯುತ್ತಾನೆ. ಗಸ್‌ನನ್ನು ನೆಲಕ್ಕೆ ಒತ್ತಿ ಹಿಡಿದು, ಸತ್ತ ಗೆಳೆಯನನ್ನು ನೋಡುವ ಹಾಗೆ ಮಾಡುತ್ತಾರೆ. ಮ್ಯಾಕ್ಸ್‌ನ ರಕ್ತ ಈಜುಕೊಳದ ನೀರಿಗೆ ಇಳಿಯುತ್ತದೆ.

ಅವತ್ತು ಅಳುತ್ತಿದ್ದ ಆ ಯುವಕನಿಗೂ ನಮಗೆ ಗೊತ್ತಿರುವ ಗಸ್‌ಗೂ ಹೋಲಿಕೆಯೇ ಇಲ್ಲ. ಮುಂದಿನ ಎಲ್ಲ ಶಿಸ್ತು, ಎಲ್ಲ ತಾಳ್ಮೆ ಆ ನೆಲದ ಮೇಲೆ ಹುಟ್ಟಿದ್ದು. ಅವನು ಗೆಳೆಯನ ಹೆಸರಲ್ಲಿ ವಿದ್ಯಾರ್ಥಿವೇತನ ಇಟ್ಟ. ಗೇಲ್ ಓದಿದ್ದು ಅದರಿಂದಲೇ.

ಹೆಕ್ಟರ್ ಕೈಗೆ ಸಿಕ್ಕಾಗಲೇ ಕೊಂದುಬಿಡಬಹುದಿತ್ತಲ್ಲ?

ಸಾವು ಅವನಿಗೆ ಸಾಲದು. ಬೆಟರ್ ಕಾಲ್ ಸಾಲ್‌ನಲ್ಲಿ ಲಕ್ವ ಹೊಡೆದು ಮಲಗಿರುವ ಹೆಕ್ಟರ್‌ಗೆ ಗಸ್ ಒಂದು ಕಥೆ ಹೇಳುತ್ತಾನೆ. ಚಿಕ್ಕವನಿದ್ದಾಗ ಮನೆ ಹತ್ತಿರ ಒಂದು ಲುಕುಮಾ ಮರ ಇತ್ತು. ಕಷ್ಟಪಟ್ಟು ನೀರು ಹಾಕಿ ಅದರಲ್ಲಿ ಹಣ್ಣು ಬಿಡುವ ಹಾಗೆ ಮಾಡಿದ್ದ. ಕೋಟಿ ಎಂಬ ಕಾಡುಪ್ರಾಣಿ ಬಂದು ಹಣ್ಣು ತಿಂದು ಹಾಳು ಮಾಡಿತು. ಹುಡುಗ ಬಲೆ ಹಾಕಿದ. ಪ್ರಾಣಿ ಕಾಲು ಮುರಿದುಕೊಂಡು ಮನೆಯಡಿ ನುಸುಳಿತು. ರಾತ್ರಿಯೆಲ್ಲ ಕಾದು ಕೂತು ಹಿಡಿದ. ಕೊಂದಿದ್ದರೆ ಅದು ಕರುಣೆಯಾಗುತ್ತಿತ್ತು, ನಾನು ಅದನ್ನು ಇಟ್ಟುಕೊಂಡೆ ಅನ್ನುತ್ತಾನೆ.

ಅದನ್ನೇ ಹೆಕ್ಟರ್‌ಗೆ ಮಾಡುತ್ತಾನೆ. ದೊಡ್ಡ ವೈದ್ಯೆಯನ್ನು ಕರೆಸಿ ಚಿಕಿತ್ಸೆ ಕೊಡಿಸುತ್ತಾನೆ. ಮಾತು ಬರುವುದಿಲ್ಲ, ಮೈ ಅಲ್ಲಾಡುವುದಿಲ್ಲ, ಆದರೆ ಬುದ್ಧಿ ಪೂರ್ತಿ ಎಚ್ಚರವಾಗಿದೆ ಅಂತ ಖಚಿತವಾದ ದಿನ ಚಿಕಿತ್ಸೆ ನಿಲ್ಲಿಸುತ್ತಾನೆ. ಹೆಕ್ಟರ್‌ಗೆ ಉಳಿಯುವುದು ಒಂದು ಬೆರಳು, ಅದರಿಂದ ಬಾರಿಸುವ ಒಂದು ಗಂಟೆ. ಇಡೀ ಕಥೆಯಲ್ಲಿ ನನಗೆ ಇದಕ್ಕಿಂತ ಕ್ರೂರವಾದದ್ದು ಕಂಡಿಲ್ಲ. ಇಲ್ಲಿ ಒಂದು ತೊಟ್ಟು ರಕ್ತವೂ ಬೀಳುವುದಿಲ್ಲ.

ಎಲಾಡಿಯೋಗೆ ಕೊಟ್ಟ ಆ ವಿಷದ ಟೆಕಿಲಾ ಮದ್ಯ ತಾನೂ ಕುಡಿದ. ಹೇಗೆ ಬದುಕಿದ?

ಮೊದಲೇ ಔಷಧಿ ನುಂಗಿದ್ದ, ಕುಡಿದ ಮೇಲೆ ಬಚ್ಚಲಿಗೆ ಹೋಗಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡ. ತಾನು ಮೊದಲು ಕುಡಿಯದೆ ಎಲಾಡಿಯೋ ಮುಟ್ಟುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಆದರೂ ಪೂರ್ತಿ ತಪ್ಪಿಸಿಕೊಳ್ಳಲಿಲ್ಲ, ಗಡಿ ಹತ್ತಿರ ಮೊದಲೇ ಏರ್ಪಾಡು ಮಾಡಿಟ್ಟಿದ್ದ ವೈದ್ಯರು ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ. ಎಲಾಡಿಯೋ ಸತ್ತು ಬೀಳುವುದು ಅದೇ ಈಜುಕೊಳಕ್ಕೆ.

ಅಷ್ಟು ಜಾಣ, ಅಷ್ಟು ಸುಲಭವಾಗಿ ಸಾಯ್ತಾನಾ? ನಂಗೆ ನಂಬೋಕೇ ಆಗ್ಲಿಲ್ಲ.

ಸುಲಭವಾಗಿ ಅಲ್ಲ. ವಾಲ್ಟರ್ ಮೊದಲು ಕಾರಿಗೆ ಬಾಂಬ್ ಇಟ್ಟ. ಗಸ್ ಕಾರಿನತ್ತ ನಡೆಯುತ್ತಾ ಅರ್ಧ ದಾರಿಯಲ್ಲಿ ನಿಂತ, ಸುತ್ತ ನೋಡಿದ, ಏನೋ ಸರಿಯಿಲ್ಲ ಅನ್ನಿಸಿ ತಿರುಗಿ ಹೋದ. ಅಂಥ ಮೂಗು ಅವನದು. ಅವನ ಹುಷಾರಿತನ ಕೆಲಸ ಮಾಡದ ಒಂದೇ ಒಂದು ಜಾಗವಿತ್ತು, ಅದು ಹೆಕ್ಟರ್ ಇದ್ದ ಕೋಣೆ.

ವಾಲ್ಟರ್ ಆ ಜಾಗ ಹುಡುಕಿದ. ಹೆಕ್ಟರ್ ಡಿಇಎ ಕಚೇರಿಗೆ ಹೋಗಿ ಬಂದ ಅನ್ನುವ ಸುದ್ದಿ ಗಸ್ ಕಿವಿಗೆ ಬೀಳುವ ಹಾಗೆ ಮಾಡಿದರು. ಬೇರೆ ಯಾರನ್ನಾದರೂ ಕಳಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಹೆಕ್ಟರ್‌ನನ್ನು ಬೇರೆಯವರ ಕೈಗೆ ಬಿಡಲು ಅವನಿಗೆ ಆಗಲಿಲ್ಲ. ತಾನೇ ವೃದ್ಧಾಶ್ರಮಕ್ಕೆ ಹೋದ. ಪ್ರತಿ ಸಲವೂ ನನ್ನನ್ನು ನೋಡು ಅಂತ ಅವನು ಹೆಕ್ಟರ್‌ನನ್ನು ಕೇಳುತ್ತಿದ್ದ, ಹೆಕ್ಟರ್ ನೋಡುತ್ತಿರಲಿಲ್ಲ. ಕೊನೆಯ ದಿನ ಮುದುಕ ಕಣ್ಣೆತ್ತಿ ನೇರವಾಗಿ ನೋಡಿದ. ಗಸ್ ಬಯಸಿದ್ದು ಸಿಕ್ಕಿತು. ಆಮೇಲೆ ಗಂಟೆ ಬಡಿಯಿತು, ಗಾಲಿಕುರ್ಚಿ ಕೆಳಗಿದ್ದ ಬಾಂಬ್ ಸಿಡಿಯಿತು. ಪ್ರಸಾರದ ದಿನ 2011ರ ಅಕ್ಟೋಬರ್ 9.

ಅರ್ಧ ಮುಖ ಹೋದ ಮೇಲೂ ಟೈ ಸರಿ ಮಾಡ್ಕೊಳ್ತಾನೆ. ಇದು ಜಾಸ್ತಿ ಆಗ್ಲಿಲ್ವಾ?

ವೈದ್ಯರ ಲೆಕ್ಕದಲ್ಲಿ ಜಾಸ್ತಿಯೇ. ಆದರೆ ಪಾತ್ರದ ಲೆಕ್ಕದಲ್ಲಿ ಸರಿಯಾಗಿದೆ. ಮನಸ್ಸು ಹೋದ ಮೇಲೂ ಅಭ್ಯಾಸ ಉಳಿದಿರುತ್ತದೆ, ಕೈ ತಾನಾಗಿ ಟೈ ಹತ್ತಿರ ಹೋಗುತ್ತದೆ. ಆ ಮುಖದ ಮೇಕಪ್ ಕೆಲಸದಲ್ಲಿ ಗ್ರೆಗ್ ನಿಕೊಟೆರೊ ಮತ್ತು ಹೊವರ್ಡ್ ಬರ್ಗರ್ ಅವರ ತಂಡದ ಕೈ ಇತ್ತು.

## ಎರಡು ಮೂರು ಸಲ ನೋಡಿದವರಿಗೆ

ಗಸ್ ಮತ್ತು ಮ್ಯಾಕ್ಸ್ ಬರೀ ಗೆಳೆಯರಾ, ಅಥವಾ ಸಂಗಾತಿಗಳಾ?

ಬ್ರೇಕಿಂಗ್ ಬ್ಯಾಡ್ ಬಾಯಿ ಬಿಟ್ಟು ಹೇಳುವುದಿಲ್ಲ. ಬೆಟರ್ ಕಾಲ್ ಸಾಲ್‌ನ ಕೊನೆಯ ಸೀಸನ್ನಿನಲ್ಲಿ ಗಸ್ ಒಂದು ಬಾರ್‌ನಲ್ಲಿ ಕೂತು ಡೇವಿಡ್ ಎಂಬ ವೈನ್ ಪರಿಣತನ ಮಾತು ಕೇಳುತ್ತಾನೆ. ಆ ಮುಖದಲ್ಲಿ ಅಷ್ಟು ಮೃದುತನವನ್ನು ನಾನು ಬೇರೆಲ್ಲೂ ನೋಡಿಲ್ಲ. ಇನ್ನೊಂದು ಬಾಟಲಿ ತರುತ್ತೇನೆ ಅಂತ ಡೇವಿಡ್ ಒಳಗೆ ಹೋದಾಗ ಗಸ್‌ನ ಮುಖ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಎದ್ದು ಹೊರಟುಬಿಡುತ್ತಾನೆ. ಅದನ್ನು ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ಮ್ಯಾಕ್ಸ್ ಅವನ ಜೀವದ ಜೀವ.

ಚಿಲಿ ದೇಶದಲ್ಲಿ ಅವನು ಏನಾಗಿದ್ದ?

ಗಸ್ ಚಿಲಿಯಿಂದ ಬಂದವನು. ಬರೆದವರು ಆ ಬಾಗಿಲನ್ನು ಬೇಕಂತಲೇ ತೆರೆಯಲಿಲ್ಲ. ಎಲಾಡಿಯೋ ಅವನನ್ನು ಜೀವಸಹಿತ ಬಿಟ್ಟದ್ದು, ನೀನು ಯಾರು ಅಂತ ನನಗೆ ಗೊತ್ತು ಅನ್ನುವ ಕಾರಣಕ್ಕೆ. ಪೊಲೀಸರಿಗೆ ಅವನ ಹಳೇ ದಾಖಲೆ ಸಿಗುವುದಿಲ್ಲ. ಪಿನೋಚೆ ಸರ್ಕಾರ ದಾಖಲೆ ಸರಿಯಾಗಿ ಇಡುತ್ತಿರಲಿಲ್ಲ ಅನ್ನುವುದು ಅವನ ಉತ್ತರ. ಪಿನೋಚೆ 1973ರಲ್ಲಿ ಸೇನಾ ದಂಗೆಯಿಂದ ಅಧಿಕಾರ ಹಿಡಿದು 1990ರವರೆಗೆ ಚಿಲಿಯನ್ನು ಆಳಿದ ಸರ್ವಾಧಿಕಾರಿ. ಆ ಸರ್ಕಾರದಲ್ಲಿ ಗಸ್‌ಗೆ ದೊಡ್ಡವರ ನಂಟಿತ್ತು ಅನ್ನುವುದು ಬಹಳ ಜನರ ಊಹೆ, ನನ್ನದೂ ಅದೇ. ಅವನ ಸ್ಪ್ಯಾನಿಷ್ ಚಿಲಿಯವರ ಥರ ಇಲ್ಲ ಅನ್ನುವ ದೂರು ಮಾತ್ರ ನ್ಯಾಯವಾದದ್ದು.

ನಿಜವಾದ ಡ್ರಗ್ಸ್ ದೊರೆಗಳು ಹೀಗೆ ಇರ್ತಾರಾ?

ನಮಗೆ ಹೆಸರು ಗೊತ್ತಿರುವವರು ಹೀಗಿರಲಿಲ್ಲ. ಕೊಲಂಬಿಯಾದ ಪಾಬ್ಲೋ ಎಸ್ಕೋಬಾರ್ ತನ್ನ ಎಸ್ಟೇಟ್‌ನಲ್ಲಿ ನೀರಾನೆ ಸಾಕಿದ್ದ. 1987ರಲ್ಲಿ ಫೋರ್ಬ್ಸ್ ಪತ್ರಿಕೆಯ ಶ್ರೀಮಂತರ ಪಟ್ಟಿಗೆ ಬಂದಿದ್ದ. 1993ರ ಡಿಸೆಂಬರ್ 2ರಂದು ಮೆಡೆಲಿನ್‌ನಲ್ಲಿ ಗುಂಡಿಗೆ ಬಲಿಯಾದ. ಗಸ್ ಅದಕ್ಕೆ ಪೂರ್ತಿ ಉಲ್ಟಾ.

ಆದರೆ ಮರ್ಯಾದಸ್ಥ ವ್ಯಾಪಾರದ ಮುಖವಾಡ ಬರೀ ಕಲ್ಪನೆಯಲ್ಲ. ಮೆಕ್ಸಿಕೋದ ಕಾರ್ಟೆಲ್‌ಗಳ ಹಣ ತಮ್ಮ ಮೂಲಕ ಹರಿಯುವುದನ್ನು ತಡೆಯದ ಕಾರಣಕ್ಕೆ ಎಚ್‌ಎಸ್‌ಬಿಸಿ ಬ್ಯಾಂಕ್ 2012ರಲ್ಲಿ ಅಮೆರಿಕ ಸರ್ಕಾರಕ್ಕೆ ಸುಮಾರು 190 ಕೋಟಿ ಡಾಲರ್ ಕಟ್ಟಿತು. ಈ ದಂಧೆಯ ದುಡ್ಡು ಕೊನೆಗೆ ಟೈ ಕಟ್ಟಿದವರ ಕೋಣೆಗಳ ಮೂಲಕವೇ ಹಾದುಹೋಗಬೇಕು. ಗಸ್ ಪಾತ್ರದ ದಿಟ ಇರುವುದು ಅಲ್ಲಿ.

ಗಸ್ ಜಾಸ್ತಿ ಕ್ರೂರಿಯಾ, ವಾಲ್ಟರ್ ಜಾಸ್ತಿ ಕ್ರೂರಿಯಾ?

ನನ್ನ ಉತ್ತರ ಬದಲಾಗಿದೆ. ಮೊದಲ ಸಲ ಗಸ್ ಅಂದಿದ್ದೆ. ಈಗ ವಾಲ್ಟರ್ ಅನ್ನುತ್ತೇನೆ. ಗಸ್‌ಗೆ ತಾನು ಏನು ಮಾಡುತ್ತಿದ್ದೇನೆ ಅನ್ನುವುದರ ಬಗ್ಗೆ ಭ್ರಮೆ ಇಲ್ಲ. ವಾಲ್ಟರ್ ಮಗುವಿಗೆ ವಿಷ ಹಾಕಿ, ಅದನ್ನೂ ಮನೆಯವರಿಗಾಗಿ ಅಂತ ತನಗೆ ತಾನೇ ಹೇಳಿಕೊಳ್ಳಬಲ್ಲ. ಹಾಗಂತ ಗಸ್‌ನನ್ನು ಸಂಭಾವಿತ ಅನ್ನಬೇಡಿ. ನೆಲಮಾಳಿಗೆಯ ಲ್ಯಾಬ್ ಕಟ್ಟುತ್ತಿದ್ದ ವರ್ನರ್ ಎಂಬ ಜರ್ಮನ್ ಎಂಜಿನಿಯರ್ ಹೆಂಡತಿಯನ್ನು ನೋಡುವ ಆಸೆಗೆ ಕೆಲಸದಿಂದ ತಪ್ಪಿಸಿಕೊಂಡು ಹೋದ. ಅಷ್ಟಕ್ಕೇ ಸಾಯಬೇಕಾಯಿತು, ಅದೂ ಅವನನ್ನು ಗೆಳೆಯ ಅಂದುಕೊಂಡಿದ್ದ ಮೈಕ್ ಕೈಯಿಂದ.

ಮತ್ತೆ ನೋಡ್ಬೇಕು ಅನ್ಕೊಂಡಿದೀನಿ. ಏನು ಗಮನಿಸ್ಲಿ?

ಅವನ ಕೈಗಳನ್ನು. ಮಾತು, ಮುಖ ಎರಡೂ ಅವನ ಹತೋಟಿಯಲ್ಲಿವೆ, ಅಲ್ಲಿ ಏನೂ ಸಿಗುವುದಿಲ್ಲ. ಟ್ರೇ ಎತ್ತುವ ಕೈ, ಟೇಬಲ್ ಒರೆಸುವ ಕೈ, ಕಟರ್ ಹಿಡಿದ ಕೈ, ಟೈ ಸರಿ ಮಾಡುವ ಕೈ. ಒಂದೇ ಒಂದು ದೃಶ್ಯ ನೋಡಲು ಸಮಯ ಇದ್ದರೆ ಎಲಾಡಿಯೋ ಮನೆಯ ಬಚ್ಚಲಿನದ್ದು ನೋಡಿ, ನಾಲ್ಕನೇ ಸೀಸನ್ನಿನ 10ನೇ ಎಪಿಸೋಡ್. ಹೊಟ್ಟೆಯಲ್ಲಿ ವಿಷ ಇದೆ, ಒಂದೊಂದು ಕ್ಷಣಕ್ಕೂ ಬೆಲೆಯಿದೆ. ಹೊರಗೆ ಇಪ್ಪತ್ತು ವರ್ಷದ ಹಗೆ ತೀರುತ್ತಿದೆ. ಅವನು ವಾಂತಿ ಮಾಡುವ ಮುಂಚೆ ಒಂದು ಟವೆಲ್ ತೆಗೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಚಿ, ನೆಲಕ್ಕೆ ಹಾಸಿ, ಅದರ ಮೇಲೆ ಮೊಣಕಾಲು ಊರುತ್ತಾನೆ.